ಮೈಗೆ ತಾಗುವುದು ಮೊದಲು

ಅಕ್ಕನ ಮಗಳು ಗೋವಾದ ಟ್ರಯಥ್ಲಾನ್‌ಗೆ ಹೆಸರು ಕೊಟ್ಟ ಮರುದಿನ ಬೆಳಿಗ್ಗೆಯೇ ನನ್ನ ಫೋನಿಗೆ ಒಂದು ಪಟ್ಟಿ ಬಂತು. ಕಾರ್ಬನ್ ಫ್ರೇಮಿನ ಟೈಮ್ ಟ್ರಯಲ್ ಸೈಕಲ್, ಗಾಳಿ ಸೀಳುವ ಉದ್ದಬಾಲದ ಹೆಲ್ಮೆಟ್, ವೆಟ್‌ಸೂಟ್, ಕಾರ್ಬನ್ ಪ್ಲೇಟ್ ಇರುವ ಷೂ, ಜಿಪಿಎಸ್ ವಾಚು. ಕೂಡಿ ನೋಡಿದರೆ ನಾಲ್ಕು ಲಕ್ಷ ದಾಟಿತ್ತು. ಕೆಳಗೆ ಒಂದೇ ಸಾಲು: 'ಇಷ್ಟೆಲ್ಲ ನಿಜವಾಗ್ಲೂ ಬೇಕಾ ಚಿಕ್ಕಮ್ಮ?'

ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಓಟ ಮುಗಿಸಿ ಕಾಫಿಗೆ ನಿಂತವರ ನಡುವೆ ಹೆಚ್ಚು ಓಡಾಡುವ ಪ್ರಶ್ನೆ ಇದೇ. ಹದಿನೈದು ವರ್ಷ ಓಡಿ, ಅದರಲ್ಲಿ ಏಳು ವರ್ಷ ಈಜು ಮತ್ತು ಸೈಕಲ್ಲನ್ನೂ ಸೇರಿಸಿಕೊಂಡ ಮೇಲೆ, ನನಗೆ ಆ ಪಟ್ಟಿಯಲ್ಲಿ ಇದ್ದದ್ದಕ್ಕಿಂತ ಇಲ್ಲದ್ದೇ ಮೊದಲು ಕಣ್ಣಿಗೆ ಬಿತ್ತು. ಈಜುಕನ್ನಡಕ ಇರಲಿಲ್ಲ. ಸೈಕಲ್ಲಿನ ಸೀಟಿನ ಮಾತಿರಲಿಲ್ಲ. ಸ್ಪೋರ್ಟ್ಸ್ ಬ್ರಾ ಇರಲಿಲ್ಲ, ಸಾಕ್ಸ್ ಇರಲಿಲ್ಲ. ಏಳೆಂಟು ಗಂಟೆ ಮೈಗೆ ಅಂಟಿಕೊಂಡೇ ಇರುವ ವಸ್ತುಗಳೆಲ್ಲ ಬಿಟ್ಟುಹೋಗಿದ್ದವು. ಗಡಿಯಾರದಿಂದ ಕೆಲವು ನಿಮಿಷ ಕಿತ್ತುಕೊಡುತ್ತೇವೆಂದು ಮಾತು ಕೊಡುವ ವಸ್ತುಗಳೆಲ್ಲ ಸಾಲಾಗಿ ನಿಂತಿದ್ದವು. ನನ್ನ ಅನುಭವ, ಓದು ಎರಡೂ ಹೇಳುವುದು ಈ ಸಾಲನ್ನು ತಿರುಗಿಸಬೇಕು ಎಂದು. ಮೈಗೆ ತಾಗುವುದಕ್ಕೆ ಮೊದಲು ಹಣ ಹಾಕಬೇಕು, ಗಡಿಯಾರಕ್ಕೆ ಆಮೇಲೆ.

ಷೂನಿಂದಲೇ ಶುರುಮಾಡುತ್ತೇನೆ. ಅತಿ ಹೆಚ್ಚು ಹಣ, ಅತಿ ಹೆಚ್ಚು ವಾದ, ಅತಿ ಹೆಚ್ಚು ಸಂಶೋಧನೆ ನಡೆದಿರುವುದು ಅದರ ಸುತ್ತಲೇ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ಕಥೆ ಎಲ್ಲರಿಗೂ ಗೊತ್ತು. ಅವರು ಬರಿಗಾಲಲ್ಲಿ ಓಡಿದ್ದೇಕೆ ಎಂಬುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಅಲ್ಲಿ ಸಿಕ್ಕ ಷೂ ಕಾಲಿಗೆ ಹೊಂದಲಿಲ್ಲ. ಕಚ್ಚುವ ಷೂಗಿಂತ ಅಭ್ಯಾಸದ ಬರಿಗಾಲೇ ವಾಸಿ ಎಂದು ಅವರು ಹಾಗೇ ಓಡಿದರು. 2 ಗಂಟೆ 15 ನಿಮಿಷ 16 ಸೆಕೆಂಡು. ನಾಲ್ಕು ವರ್ಷದ ನಂತರ ಟೋಕಿಯೋದಲ್ಲಿ, ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳೂ ತುಂಬದಿರುವಾಗ, ಅವರೇ ಷೂ ಹಾಕಿಕೊಂಡು 2:12:11ರಲ್ಲಿ ಮತ್ತೆ ಗೆದ್ದರು. ನಮ್ಮಲ್ಲೂ ಬರಿಗಾಲ ಓಟಕ್ಕೆ ಹೆಸರಾದ ಶಿವನಾಥ್ ಸಿಂಗ್ ಇದ್ದರು. 1978ರಲ್ಲಿ ಜಲಂಧರ್‌ನಲ್ಲಿ ಅವರು ಓಡಿದ 2 ಗಂಟೆ 12 ನಿಮಿಷದ ರಾಷ್ಟ್ರೀಯ ದಾಖಲೆ ನಲವತ್ತು ವರ್ಷ ಮೀರಿದರೂ ಅಳಿಯದೆ ಉಳಿದಿತ್ತು. ಷೂ ಬೇಕೇ ಬೇಡವೇ ಎಂಬುದನ್ನು ಈ ಕಥೆಗಳು ತೀರ್ಮಾನಿಸುವುದಿಲ್ಲ. ಕಾಲಿಗೆ ಒಗ್ಗಿದ್ದೇ ಕಾಲನ್ನು ಕೊನೆಯವರೆಗೂ ಒಯ್ಯುತ್ತದೆ ಎಂಬಷ್ಟನ್ನು ಮಾತ್ರ ತೋರಿಸುತ್ತವೆ.

ನಾನು ಮೊದಲ ಷೂ ಕೊಂಡಾಗ ಅಂಗಡಿಯಲ್ಲಿ ಟ್ರೆಡ್‌ಮಿಲ್ ಮೇಲೆ ಓಡಿಸಿ, ವಿಡಿಯೋ ಹಿಡಿದು, 'ನಿಮ್ಮದು ಚಪ್ಪಟೆ ಪಾದ ಮೇಡಂ, ಹರಡು ಒಳಕ್ಕೆ ವಾಲುತ್ತೆ' ಎಂದು ಗಟ್ಟಿ ಆಸರೆಯ ಭಾರದ ಜೋಡಿ ಕೊಟ್ಟರು. ಮನೆಗೆ ಬಂದು ಬಚ್ಚಲಿನಲ್ಲಿ ಕಾಲು ಒದ್ದೆ ಮಾಡಿಕೊಂಡು ಕೆಂಪು ಗಾರೆ ನೆಲದ ಮೇಲೆ ಹೆಜ್ಜೆಯಿಟ್ಟು ನೋಡಿದೆ. ನಿಜ, ಅಚ್ಚು ತುಂಬಿಕೊಂಡೇ ಮೂಡಿತ್ತು, ನಡುವೆ ಕಮಾನಿನ ಖಾಲಿ ಜಾಗವಿರಲಿಲ್ಲ. ಹಾಗಾಗಿ ಆ ಷೂವನ್ನೇ ನಂಬಿ ಎಂಟು ತಿಂಗಳು ಮಂಡಿನೋವು ಅನುಭವಿಸಿದೆ. ಅಮೆರಿಕದ ಸೇನೆ ಇದೇ ಪದ್ಧತಿಯನ್ನು ಸಾವಿರಾರು ಹೊಸ ಸೈನಿಕರ ಮೇಲೆ ಪರೀಕ್ಷಿಸಿತ್ತು ಎಂದು ನನಗೆ ತಿಳಿದದ್ದು ಆಮೇಲೆ. ಪಾದದ ಕಮಾನು ನೋಡಿ ಅದಕ್ಕೆ ತಕ್ಕ ಷೂ ಕೊಟ್ಟವರಿಗೂ, ಏನೂ ನೋಡದೆ ಎಲ್ಲರಿಗೂ ಒಂದೇ ಬಗೆಯದು ಕೊಟ್ಟವರಿಗೂ ಗಾಯದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2010ರ ಹೊತ್ತಿಗೆ ಭೂಸೇನೆ, ವಾಯುಸೇನೆ, ಮರೀನ್ ಮೂರರಲ್ಲೂ ಇದೇ ಫಲಿತಾಂಶ ಬಂದಿತ್ತು. ಆದರೂ ಒದ್ದೆ ಪಾದದ ಪರೀಕ್ಷೆ ಇಂದಿಗೂ ಅಂಗಡಿಗಳಲ್ಲಿ ಜೀವಂತವಾಗಿದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಹೊಸಬರು ಮಾಪನ ಎಂದರೆ ಕೈಮುಗಿಯುತ್ತಾರೆ, ತಮ್ಮ ಕಾಲು ಹೇಳುವ ಮಾತನ್ನು ಕೇಳುವುದಿಲ್ಲ.

ಕೆನಡಾದ ಕ್ಯಾಲ್ಗರಿಯಲ್ಲಿ ದಶಕಗಳ ಕಾಲ ಓಟದ ಯಂತ್ರಶಾಸ್ತ್ರ ಅಧ್ಯಯನ ಮಾಡಿದ ಬೆನ್ನೊ ನಿಗ್ ಮತ್ತು ಸಂಗಡಿಗರು 2015ರಲ್ಲಿ ಹಳೆಯ ನಂಬಿಕೆಗಳನ್ನೆಲ್ಲ ಜಾಲಾಡಿ, ಹಾಕಿಕೊಂಡ ಕೂಡಲೇ ಹಿತವೆನಿಸುವುದೇ ಒಳ್ಳೆಯ ಆಯ್ಕೆಯ ದಾರಿ ಎಂಬ ವಾದ ಮುಂದಿಟ್ಟರು. ಇದು ಇನ್ನೂ ಪೂರ್ತಿ ಸಾಬೀತಾದ ಸಿದ್ಧಾಂತವಲ್ಲ. ಆದರೆ ಬೇರೆ ಯಾವ ಸೂತ್ರವೂ ಇದಕ್ಕಿಂತ ಗಟ್ಟಿಯಾಗಿ ನಿಂತಿಲ್ಲ. ಸಂಜೆ ಕಾಲು ಸ್ವಲ್ಪ ಊದಿರುವ ಹೊತ್ತಿನಲ್ಲಿ, ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ಅಂಗಡಿಗೆ ಹೋಗಿ. ಎದ್ದು ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಲಿ. ಆ ಜಾಗ ಇಲ್ಲದಿದ್ದರೆ ನಂದಿ ಬೆಟ್ಟದ ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಉಗುರು ಷೂನ ಮೂತಿಗೆ ಬಡಿಯುತ್ತದೆ. ಮನೆಗೆ ಬರುವಷ್ಟರಲ್ಲಿ ಕೆಳಗೆ ರಕ್ತ ಹೆಪ್ಪುಗಟ್ಟಿ ಉಗುರು ನೇರಳೆ ಬಣ್ಣಕ್ಕೆ ತಿರುಗುತ್ತದೆ; ತಿಂಗಳಾದ ಮೇಲೆ ಒಂದು ದಿನ ಸಾಕ್ಸಿನೊಂದಿಗೇ ಕಳಚಿ ಬರುತ್ತದೆ. ಹಿಮ್ಮಡಿ ಜಾರಬಾರದು. ಅಂಗಡಿಯ ಒಳಗೇ ನಾಲ್ಕು ಹೆಜ್ಜೆ ಓಡಿ. 'ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ' ಎಂದರೆ ನಂಬಬೇಡಿ. ಚರ್ಮದ ಚಪ್ಪಲಿಗೆ ಆ ಮಾತು ಸಲ್ಲುತ್ತದೆ, ಇಂದಿನ ಷೂಗಳಿಗೆ ಸಲ್ಲುವುದಿಲ್ಲ. ಮೊದಲ ದಿನ ಕಚ್ಚಿದ್ದು ಮೂವತ್ತನೇ ಕಿಲೋಮೀಟರಿನಲ್ಲೂ ಕಚ್ಚುತ್ತದೆ.

ಒಂದರ ಬದಲು ಎರಡು ಜೋಡಿ ಇಟ್ಟುಕೊಳ್ಳಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಲಕ್ಸೆಂಬರ್ಗ್‌ನಲ್ಲಿ 264 ಓಟಗಾರರನ್ನು 22 ವಾರ ಗಮನಿಸಿದಾಗ, ಬೇರೆ ಬೇರೆ ಷೂಗಳನ್ನು ಬದಲಿಸುತ್ತ ಓಡಿದವರಲ್ಲಿ ಗಾಯದ ಅಪಾಯ ಶೇ 39ರಷ್ಟು ಕಡಿಮೆ ಇತ್ತು. ಬೇರೆ ಬೇರೆ ಅಟ್ಟೆ ಎಂದರೆ ಕಾಲಿನ ಮೇಲೆ ಬೀಳುವ ಹೊರೆಯೂ ದಿನದಿನಕ್ಕೆ ಸ್ವಲ್ಪ ಬೇರೆ. ಒಂದೇ ಸ್ನಾಯುವಿಗೆ, ಒಂದೇ ಮೂಳೆಗೆ ನಿತ್ಯ ಪೆಟ್ಟು ಬೀಳುವುದಿಲ್ಲ. ಇಪ್ಪತ್ತು ಸಾವಿರದ ಒಂದು ಜೋಡಿಗಿಂತ ಆರೇಳು ಸಾವಿರದ ಎರಡು ಜೋಡಿ ಮೇಲು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಇನ್ನು ಆ ಇಪ್ಪತ್ತು ಸಾವಿರದ ಜೋಡಿಯ ಮಾತು. ಒಂದು ದಶಕದೊಳಗೆ ಓಟದ ಜಗತ್ತು ಎರಡು ತುದಿಗಳಿಗೆ ಹೋಗಿ ಬಂತು. 2009ರಲ್ಲಿ ಕ್ರಿಸ್ಟೋಫರ್ ಮೆಕ್‌ಡೂಗಲ್ ಬರೆದ 'ಬಾರ್ನ್ ಟು ರನ್' ಎಲ್ಲರನ್ನೂ ಬರಿಗಾಲಿನ ಕಡೆಗೆ, ಬೆರಳು ಬೆರಳಿಗೂ ಗೂಡಿರುವ ತೆಳು ಷೂಗಳ ಕಡೆಗೆ ಎಳೆಯಿತು. ಮೀನಖಂಡ ಹಿಡಿದುಕೊಂಡು, ಪಾದದ ಮೂಳೆಯಲ್ಲಿ ಬಿರುಕು ಬಿಟ್ಟು ಕೂತ ಪರಿಚಿತರು ನನಗಿದ್ದಾರೆ. ಎಂಟೇ ವರ್ಷದಲ್ಲಿ ಗಾಳಿ ತಿರುಗಿತು. 2017ರ ಮೇ ತಿಂಗಳಲ್ಲಿ ಇಟಲಿಯ ಮೊಂಜಾ ಕಾರ್ ರೇಸ್ ಟ್ರ್ಯಾಕಿನಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೊಗೆ ದಪ್ಪ ಮೃದು ಫೋಮಿನೊಳಗೆ ಕಾರ್ಬನ್ ಪ್ಲೇಟ್ ಹುದುಗಿಸಿದ ಷೂ ಹಾಕಿ 2 ಗಂಟೆ 25 ಸೆಕೆಂಡಿನಲ್ಲಿ ಮ್ಯಾರಥಾನ್ ದೂರ ಮುಗಿಸಿದರು. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ 1:59:40. ಸ್ಪರ್ಧೆಯ ನಿಯಮಗಳಿಗೆ ಒಳಪಡದ ಪ್ರಯತ್ನವಾದ್ದರಿಂದ ಅದು ದಾಖಲೆಯಾಗಲಿಲ್ಲ. 2020ರ ಜನವರಿಯ ಕೊನೆಗೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಷೂನ ಅಟ್ಟೆ 40 ಮಿಲಿಮೀಟರ್ ಮೀರಬಾರದು, ಒಳಗೆ ಒಂದಕ್ಕಿಂತ ಹೆಚ್ಚು ಪ್ಲೇಟ್ ಇರಬಾರದು ಎಂದು ಗೆರೆ ಎಳೆಯಿತು.

ಈ ಷೂಗಳು ನಿಜಕ್ಕೂ ಕೆಲಸ ಮಾಡುತ್ತವೆ, ಅದರಲ್ಲಿ ನನಗೆ ಸಂಶಯವಿಲ್ಲ. ಕೊಲರಾಡೊ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಓಟಕ್ಕೆ ಖರ್ಚಾಗುವ ಶಕ್ತಿ ಸರಾಸರಿ ಶೇ 4ರಷ್ಟು ಉಳಿಯಿತು. ಆದರೆ ಆ ಪ್ರಯೋಗದಲ್ಲಿ ಓಡಿದವರು ಹದಿನೆಂಟು ಮಂದಿ ಚುರುಕು ಓಟಗಾರರು, ವೇಗ ಗಂಟೆಗೆ 14ರಿಂದ 18 ಕಿಲೋಮೀಟರ್. ನಮ್ಮಂಥ ಬಹುಪಾಲು ಜನ ಓಡುವುದು ಗಂಟೆಗೆ ಎಂಟು, ಹತ್ತು ಕಿಲೋಮೀಟರ್ ವೇಗದಲ್ಲಿ. ಅಂಥ ನಿಧಾನ ವೇಗದಲ್ಲಿ ಅಳೆದಾಗ ಲಾಭ ಬಹಳವಾಗಿ ಕುಗ್ಗಿತು, ಕೆಲವರಿಗೆ ಏನೂ ದಕ್ಕಲಿಲ್ಲ. ಶಕ್ತಿ ಶೇ 4 ಉಳಿದರೆ ಸಮಯವೂ ಅಷ್ಟೇ ಉಳಿಯುತ್ತದೆ ಎಂಬ ಲೆಕ್ಕವೂ ತಪ್ಪು. ಮೇಲಾಗಿ ಎತ್ತರದ ಮೆತ್ತನೆ ಅಟ್ಟೆಯ ಮೇಲೆ ತಿರುವಿನಲ್ಲಿ ಹರಡು ಹೊರಳುವ ಭಯ ಬೇರೆ. ಗೋವಾದಲ್ಲಿ 1.9 ಕಿಲೋಮೀಟರ್ ಕಡಲು, 90 ಕಿಲೋಮೀಟರ್ ಸೈಕಲ್ ಮುಗಿಸಿ ತೊಡೆ ನಡುಗುತ್ತಿರುವಾಗ 21.1 ಕಿಲೋಮೀಟರ್ ಓಡಬೇಕಾದ ಹುಡುಗಿಗೆ ನೆಲ ಹಿಡಿದು ನಿಲ್ಲುವ ಷೂ ಬೇಕು. ಕಾರ್ಬನ್ ಪ್ಲೇಟನ್ನು ಪಟ್ಟಿಯಿಂದ ತೆಗೆಸಿದೆ.

ಆ ಹಣದ ಒಂದು ಚೂರು ಸ್ಪೋರ್ಟ್ಸ್ ಬ್ರಾಗೆ ಹೋಗಬೇಕೆಂದು ಹೇಳಿದಾಗ ಅವಳು ಒಂದು ಕ್ಷಣ ಸುಮ್ಮನಾದಳು. ಓಟದ ಸಲಕರಣೆಯ ಬಗ್ಗೆ ಕನ್ನಡದಲ್ಲಿ ಬಂದ ಬರಹಗಳಲ್ಲಿ ನಾನು ಈ ಮಾತನ್ನು ಓದಿದ ನೆನಪೇ ಇಲ್ಲ. 1977ರವರೆಗೆ ಓಡುವ ಹೆಣ್ಣಿಗೆಂದು ಮಾಡಿದ ಒಳಉಡುಪು ಮಾರುಕಟ್ಟೆಯಲ್ಲಿರಲಿಲ್ಲ. ಆ ವರ್ಷ ಅಮೆರಿಕದ ವರ್ಮಾಂಟ್‌ನಲ್ಲಿ ಲೀಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಎಂಬ ಮೂವರು ಹೆಂಗಸರು, ಗಂಡಸರ ಎರಡು ಲಂಗೋಟಿ ಬಗೆಯ ಕ್ರೀಡಾ ಉಡುಪುಗಳನ್ನು ಬಿಚ್ಚಿ ಜೋಡಿಸಿ ಹೊಲಿದು ಮೊದಲ ಸ್ಪೋರ್ಟ್ಸ್ ಬ್ರಾ ಮಾಡಿದರು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಒಂದು ಸಂಶೋಧನಾ ತಂಡವಿದೆ. ಓಡುವಾಗ ಎದೆ ಬರೀ ಮೇಲೆ ಕೆಳಗೆ ಕುಲುಕುವುದಿಲ್ಲ, ಅಕ್ಕಪಕ್ಕಕ್ಕೂ ಹಿಂದೆಮುಂದೆಯೂ ಚಲಿಸುತ್ತದೆ ಎಂದು ಆ ತಂಡ ಅಳೆದು ತೋರಿಸಿದೆ. 2012ರ ಲಂಡನ್ ಮ್ಯಾರಥಾನ್‌ನ ಓಟಗಾರ್ತಿಯರನ್ನು ಕೇಳಿದಾಗ ಸುಮಾರು ಮೂವರಲ್ಲಿ ಒಬ್ಬರು ಎದೆನೋವು ಇದೆ ಎಂದರು. ನೋವಿಗೆ ಹೆದರಿ ಭುಜ ಮುದುಡಿ, ಮೊಣಕೈ ಬಿಗಿಹಿಡಿದು ಓಡಿದರೆ ಉಸಿರೂ ಹೆಜ್ಜೆಯೂ ಕೆಡುತ್ತವೆ. ಎಷ್ಟೋ ಹೆಂಗಸರು ಎರಡು ತಿಂಗಳಲ್ಲಿ ಓಟ ಬಿಡುವುದು ಸೋಮಾರಿತನದಿಂದಲ್ಲ, ಇದರಿಂದ. ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ, ಅಷ್ಟೆ. ಆಧಾರ ಕೊಡಬೇಕಾದ್ದು ಎದೆಯ ಕೆಳಗಿನ ಅಗಲ ಪಟ್ಟಿ, ಭುಜದ ಮೇಲಿನ ಪಟ್ಟಿಯಲ್ಲ. ಹಾಕಿಕೊಂಡು ಕನ್ನಡಿ ಮುಂದೆ ಇಪ್ಪತ್ತು ಸಲ ಕುಪ್ಪಳಿಸಿ. ಕೈ ಮೇಲೆತ್ತಿದಾಗ ಕೆಳಪಟ್ಟಿ ಜರುಗಿ ಮೇಲೇರಿದರೆ ಆ ಅಳತೆ ನಿಮ್ಮದಲ್ಲ.

ಬಟ್ಟೆಯ ವಿಷಯಕ್ಕೆ ಹೆಚ್ಚು ಖರ್ಚು ಬೇಡ. ಹತ್ತಿ ಬನಿಯನ್ ಬೆವರನ್ನು ಹೀರಿಕೊಂಡು ಭಾರವಾಗಿ ಮೈಗೆ ಉಜ್ಜುತ್ತದೆ. ಓಟ ಮುಗಿಸಿದ ಗಂಡಸರ ಅಂಗಿಯ ಮೇಲೆ ಎರಡು ರಕ್ತದ ಗೆರೆ ಇಳಿದಿರುವುದನ್ನು ಮ್ಯಾರಥಾನ್‌ಗೆ ಹೋದವರೆಲ್ಲ ನೋಡಿರುತ್ತಾರೆ. ಸಾಮಾನ್ಯ ಪಾಲಿಯೆಸ್ಟರ್ ಅಂಗಿ ಸಾಕು. ತೊಡೆಸಂದಿಗೆ, ಕಂಕುಳಿಗೆ ವ್ಯಾಸಲೀನ್ ಧಾರಾಳವಾಗಿ ಹಚ್ಚಿಕೊಳ್ಳಿ. ಬೆಂಗಳೂರಿನ ತಂಪು ಹವೆಯಲ್ಲಿ ಏನೂ ಆಗದ ಜಾಗ ಮಂಗಳೂರಿನಲ್ಲೋ ಗೋವಾದಲ್ಲೋ ಹತ್ತೇ ಕಿಲೋಮೀಟರಿಗೆ ಕಿತ್ತುಹೋಗುತ್ತದೆ, ಸ್ನಾನಕ್ಕೆ ನೀರು ಹೊಯ್ದುಕೊಂಡಾಗ ಗೊತ್ತಾಗುತ್ತದೆ.

ಟ್ರಯಥ್ಲಾನ್ ಶುರುವಾದಾಗ ಅದಕ್ಕೆಂದೇ ಮಾಡಿದ ಸಲಕರಣೆ ಯಾವುದೂ ಇರಲಿಲ್ಲ. 1978ರ ಫೆಬ್ರವರಿಯಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ಮೊದಲ ಐರನ್‌ಮ್ಯಾನ್ ಟ್ರಯಥ್ಲಾನ್‌ಗೆ ನಿಂತವರು ಹದಿನೈದು ಮಂದಿ, ಮುಗಿಸಿದವರು ಹನ್ನೆರಡು. ಅವರು ಹತ್ತಿದ್ದು ಕೈಗೆ ಸಿಕ್ಕ ಸಾದಾ ಸೈಕಲ್ಲುಗಳು. ಗೆದ್ದ ಗಾರ್ಡನ್ ಹಾಲರ್‌ಗೆ ಹನ್ನೆರಡು ಗಂಟೆಗೆ ಹದಿಮೂರು ನಿಮಿಷವಷ್ಟೇ ಕಡಿಮೆ ಹಿಡಿಯಿತು.

ವೆಟ್‌ಸೂಟ್ ಬಂದದ್ದು ತಣ್ಣೀರಿಗಾಗಿ. ಅದರ ರಬ್ಬರು ಮೈಯನ್ನು ಬೆಚ್ಚಗಿಡುವುದಲ್ಲದೆ ತೇಲಿಸುತ್ತದೆ ಕೂಡ. ಅಳುಕುವ ಈಜುಗಾರರಿಗೆ ಅದರ ಆಸೆ ಅದಕ್ಕೇ. ಆದರೆ ದೀರ್ಘ ಸ್ಪರ್ಧೆಗಳಲ್ಲಿ ನೀರು 24.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ವೆಟ್‌ಸೂಟ್ ಹಾಕಿದವರಿಗೆ ಬಹುಮಾನವಿಲ್ಲ, ಇನ್ನೂ ಬಿಸಿಯಿದ್ದರೆ ಹಾಕುವಂತೆಯೇ ಇಲ್ಲ. ಗೋವಾದ ಕಡಲು ಅದಕ್ಕಿಂತ ಬೆಚ್ಚಗೆ. ನಲವತ್ತು ಸಾವಿರ ಕೊಟ್ಟು ತಂದ ಸೂಟು ಬೀರುವಿನಲ್ಲಿ ನೇತಾಡುವುದನ್ನು ನಾನು ಗೆಳತಿಯ ಮನೆಯಲ್ಲಿ ಕಂಡಿದ್ದೇನೆ. ಆ ಹಣದಲ್ಲಿ ಬಸವನಗುಡಿಯ ಈಜುಕೊಳದಲ್ಲಿ ಎಷ್ಟು ದಿನ ತರಬೇತಿ ಪಡೆಯಬಹುದಿತ್ತು! ಕಡಲಲ್ಲಿ ನಿಜವಾಗಿ ಕಾಪಾಡುವುದು ಎಂಟುನೂರೋ ಸಾವಿರವೋ ರೂಪಾಯಿಯ ಕನ್ನಡಕ. ಪಟ್ಟಿ ಹಾಕದೆ ಬರಿದೇ ಕಣ್ಣಿಗೆ ಒತ್ತಿದಾಗ ಎರಡು ಕ್ಷಣ ಅಂಟಿ ನಿಂತರೆ ಅದು ನಿಮ್ಮ ಮುಖದ್ದು. ಒಳಗಾಜನ್ನು ಬೆರಳಿನಿಂದ ಉಜ್ಜಬೇಡಿ, ಮಂಜು ಕಟ್ಟದಂತೆ ಬಳಿದ ಲೇಪ ಹೋಗುತ್ತದೆ. ಬಣ್ಣದ ಗಾಜೇ ಇರಲಿ: ಪಶ್ಚಿಮಕ್ಕೆ ಮುಖವಿರುವ ತೀರದಲ್ಲಿ ಬೆಳಿಗ್ಗೆ ಈಜಿ ಹೋಗುವಾಗ ಸೂರ್ಯ ಬೆನ್ನಿಗೆ, ದಡಕ್ಕೆ ತಿರುಗಿದ ಕೂಡಲೇ ನೇರ ಕಣ್ಣಿಗೆ. ಬಿಳಿ ಗಾಜಿನಲ್ಲಿ ದಿಕ್ಕು ತೋರುವ ತೇಲುಬುರುಡೆ ಕಾಣದೆ ನೂರಾರು ಮೀಟರ್ ಅಡ್ಡಾದಿಡ್ಡಿ ಈಜಿದವರಿದ್ದಾರೆ.

ಸೈಕಲ್ಲಿನಲ್ಲಿ ಹೋರಾಟ ಗಾಳಿಯೊಂದಿಗೆ. 1989ರ ಟೂರ್ ದ ಫ್ರಾನ್ಸ್‌ನ ಕೊನೆಯ ದಿನ ಗ್ರೆಗ್ ಲೆಮಾಂಡ್ ಟ್ರಯಥ್ಲಾನ್‌ನವರು ಬಳಸುತ್ತಿದ್ದ ಮುಂಚಾಚಿದ ಹ್ಯಾಂಡಲ್ ಕಟ್ಟಿಕೊಂಡು, ಮೊಣಕೈ ಒಳಗೆಳೆದು ಬಾಗಿ ತುಳಿದರು. ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರಿನ ಪಂದ್ಯವನ್ನು ಅವರು ಲೊರಾಂ ಫಿನ್ಯೊಂ ಎದುರು ಗೆದ್ದದ್ದು ಎಂಟು ಸೆಕೆಂಡುಗಳಿಂದ. ಇದರಿಂದ ಜನ ಕಲಿತದ್ದು ದುಬಾರಿ ಸೈಕಲ್ ಕೊಳ್ಳಬೇಕೆಂದು. ನಿಜವಾಗಿ ಗಾಳಿ ತಡೆಯುವುದರಲ್ಲಿ ಮುಕ್ಕಾಲು ಪಾಲು ಸವಾರನ ಮೈಯದೇ, ಸೈಕಲ್ಲಿನ ಪಾಲು ಚಿಕ್ಕದು. ಬಾಗಿ ಕೂರುವ ಭಂಗಿ ಮೂರು ಗಂಟೆ ತಡೆದುಕೊಳ್ಳುವಂತಿದ್ದರೆ ಎರಡನೇ ಕೈಯ ಸಾದಾ ರೋಡ್ ಬೈಕಿಗೆ ಕೆಲವು ಸಾವಿರದ ಮುಂಚಾಚು ಹ್ಯಾಂಡಲ್ ಕಟ್ಟಿದರೂ ಬಹುಪಾಲು ಲಾಭ ಸಿಗುತ್ತದೆ. ಕತ್ತು ನೋವಿಗೆ ಹದಿನೈದು ನಿಮಿಷಕ್ಕೊಮ್ಮೆ ನೆಟ್ಟಗೆ ಕೂತರೆ ಎರಡೂವರೆ ಲಕ್ಷದ ಸೈಕಲ್ಲೂ ಅಷ್ಟೇ. ಬೈಕನ್ನು ಮೈಯಳತೆಗೆ ಹೊಂದಿಸಿಕೊಡುವವರಿಗೆ ಕೊಡುವ ದುಡ್ಡನ್ನು ಯಾರೂ ಉಳಿಸಲು ಹೋಗಬಾರದು.

ಸೀಟಿನ ಅಳತೆಯನ್ನಂತೂ ಮನೆಯಲ್ಲೇ ಮಾಡಿದೆವು. ಪಾರ್ಸೆಲ್ ಬಂದ ಅಲೆಅಲೆಯ ರಟ್ಟನ್ನು ಅಡುಗೆಮನೆಯ ಕಲ್ಲುಜಗಲಿಯ ಮೇಲೆ ಹಾಸಿ ಅವಳನ್ನು ಅದರ ಮೇಲೆ ಕೂರಿಸಿ, ಮಂಡಿ ಎತ್ತಿ ಮುಂದೆ ಬಾಗಲು ಹೇಳಿದೆ. ಎದ್ದಾಗ ರಟ್ಟಿನಲ್ಲಿ ಎರಡು ಗುಳಿ ಬಿದ್ದಿದ್ದವು, ಕುಂಡೆಯ ಮೂಳೆಗಳ ಗುರುತು. ಪೆನ್ಸಿಲ್ಲಿನಿಂದ ಸುತ್ತುಹಾಕಿ ನಡುವಿನ ದೂರ ಅಳೆದೆವು: ಹದಿಮೂರು ಸೆಂಟಿಮೀಟರ್. ಸೈಕಲ್ಲಿನ ಜತೆ ಬಂದ ಇಕ್ಕಟ್ಟು ಸೀಟು ಆ ಮೂಳೆಗಳನ್ನು ಹೊರದೆ, ನಡುವಿನ ಮೃದು ಭಾಗವನ್ನು ಒತ್ತುತ್ತಿತ್ತು. ನಂದಿಗೆ ಹೋಗಿ ಬಂದಾಗಲೆಲ್ಲ ಉರಿ ಎನ್ನುತ್ತಿದ್ದಳು, ಕಾರಣ ಅಲ್ಲಿತ್ತು. ಮೆತ್ತೆಯಿರುವ ಸೈಕಲ್ ಚಡ್ಡಿಯೊಳಗೆ ಬೇರೆ ಒಳಉಡುಪು ಹಾಕಬಾರದು ಎಂಬುದೂ ಅವಳಿಗೆ ಅಂದೇ ತಿಳಿಯಿತು. ಒಳಗಿನ ಹೊಲಿಗೆಯೇ ಗಾಯ ಮಾಡುತ್ತದೆ. ಟಯರು ನಮ್ಮ ರಸ್ತೆಗೆ 28 ಮಿಲಿಮೀಟರಿನದು ಇರಲಿ, ಕಲ್ಲುಬಿಗಿ ಗಾಳಿ ಬೇಡ. ಟ್ಯೂಬು ಬದಲಿಸುವುದನ್ನು ಮನೆಯ ಮುಂದೆ ನಾಲ್ಕು ಸಲ ಮಾಡಿ ಕಲಿತಿರಲಿ. ಹೆಲ್ಮೆಟ್ ಸರಿಯಾಗಿ ಕೂರಬೇಕು, ಬಾಲದ್ದೇ ಬೇಕಿಲ್ಲ.

ವಾಚು ಒಳ್ಳೆಯ ಜೊತೆಗಾರ, ಆದರೆ ಅದರ ಮಾತೇ ಕೊನೆಯಲ್ಲ. ಮ್ಯಾರಥಾನ್ ಮುಗಿಸಿ 'ನನ್ನ ವಾಚಿನಲ್ಲಿ 42.7 ತೋರಿಸಿತು, ದಾರಿ ಉದ್ದ ಮಾಡಿದ್ದಾರೆ' ಎಂದು ಜಗಳಕ್ಕೆ ನಿಲ್ಲುವವರು ಪ್ರತಿ ವರ್ಷ ಸಿಗುತ್ತಾರೆ. ಪ್ರಮಾಣಿತ ದಾರಿಯನ್ನು ಅಳೆಯುವುದು ಚಕ್ರಕ್ಕೆ ಎಣಿಕೆಯಂತ್ರ ಕಟ್ಟಿದ ಸೈಕಲ್ಲಿನಲ್ಲಿ, ಪ್ರತಿ ತಿರುವಿನಲ್ಲೂ ಅತಿ ಹತ್ತಿರದ ಗೆರೆ ಹಿಡಿದು. ಕಡಿಮೆಯಾಗದಿರಲೆಂದು ಕಿಲೋಮೀಟರಿಗೆ ಒಂದು ಮೀಟರ್ ಸೇರಿಸುತ್ತಾರೆ. ಜನರನ್ನು ತಪ್ಪಿಸುತ್ತ ಬಳಸಿ ಓಡಿದ್ದು ನಾವು. ಮಣಿಕಟ್ಟಿನ ಬೆಳಕಿನಿಂದ ಓದುವ ಎದೆಬಡಿತವೂ ಪಟ್ಟಿ ಸಡಿಲವಾದರೆ, ವೇಗ ಏಕಾಏಕಿ ಬದಲಾದರೆ ತಪ್ಪುತ್ತದೆ. ಅವಳಿಗೆ ಮೂಲ ಮಟ್ಟದ ವಾಚು ಸಾಕಾಯಿತು.

ಮಲೆನಾಡಿನ ಕಾಡುದಾರಿಯ ಓಟಕ್ಕೆ ಲೆಕ್ಕವೇ ಬೇರೆ. ಚಿಕ್ಕಮಗಳೂರಿನ ಕಾಫಿತೋಟದ ಕೆಂಪು ಕೆಸರಿಗೆ ನಯ ಅಟ್ಟೆ ನಿಲ್ಲುವುದಿಲ್ಲ, ಆಳದ ಹಲ್ಲಿರುವ ಷೂ ಬೇಕು. ಇಂಬಳಕ್ಕೆ ಮಂಡಿಯವರೆಗಿನ ಒತ್ತು ನೇಯ್ಗೆಯ ಸಾಕ್ಸ್. ಅಲ್ಲಿನವರು ಅದರೊಳಗೆ ಹೊಗೆಸೊಪ್ಪು ಇಟ್ಟುಕೊಳ್ಳುತ್ತಾರೆ, ನಾನೂ ಹಾಗೇ ಮಾಡುತ್ತೇನೆ.

ನೀರು, ಆಹಾರಗಳೂ ಸಲಕರಣೆಯೇ, ತೂಕ ಮಾಡಿ ಹೊತ್ತೊಯ್ಯುವಂಥವು. ಇಲ್ಲಿ ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ 13 ಮಂದಿಗೆ ಸೋಡಿಯಂ ಮಟ್ಟ ಕುಸಿದಿತ್ತು. ಅದಕ್ಕೆ ದೊಡ್ಡ ಕಾರಣ ಅತಿಯಾಗಿ ಕುಡಿದದ್ದು. ಬಾಯಾರಿದಾಗ ಕುಡಿಯಬೇಕು. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕು, ಕಣ್ಣಂದಾಜು ಸಲ್ಲದು. ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕಾಗುತ್ತದೆ. ಒಂದು ಜೆಲ್ ಪೊಟ್ಟಣದಲ್ಲಿರುವುದು ಹೆಚ್ಚುಕಡಿಮೆ ಒಂದು ಬಾಳೆಹಣ್ಣಿನಷ್ಟು. ಸೈಕಲ್ ಮೇಲೆ ಬಾಳೆಹಣ್ಣು, ಖರ್ಜೂರ, ಬೆಲ್ಲ ಧಾರಾಳವಾಗಿ ನಡೆಯುತ್ತವೆ. ಓಡುವಾಗ ಅಗಿಯಲಾಗದವರು ಜೆಲ್ ಇಟ್ಟುಕೊಳ್ಳಲಿ.

ಕೊನೆಗೆ ಅವಳ ಪಟ್ಟಿ ಒಂದು ಲಕ್ಷದ ಒಳಗೆ ಬಂತು, ಎರಡನೇ ಕೈಯ ಸೈಕಲ್ಲು ಸೇರಿ. ಹೊಸದೇನನ್ನೂ ಓಟದ ದಿನ ಮೊದಲ ಸಲ ಹಾಕಬೇಡ, ಎಲ್ಲವನ್ನೂ ಮೂರು ವಾರ ಮೊದಲೇ ಒಂದು ದೀರ್ಘ ಅಭ್ಯಾಸದಲ್ಲಿ ಬೆವರಿನಲ್ಲಿ ನೆನೆಸು ಎಂದಿದ್ದೆ. ಆ ಅಭ್ಯಾಸದ ಭಾನುವಾರ ಮಧ್ಯಾಹ್ನ ಅವಳ ಫೋನು ಬಂತು. ಬಲಗಾಲ ಕಿರುಬೆರಳ ಮೇಲೆ ಪ್ರತಿ ಸಲ ಏಳುತ್ತಿದ್ದ ನೀರುಗುಳ್ಳೆಯ ಸುದ್ದಿ. ಷೂ ಬದಲಿಸಿದ್ದಳು, ವ್ಯಾಸಲೀನ್ ಹಚ್ಚಿದ್ದಳು, ಹೋಗಿರಲಿಲ್ಲ.

'ಇವತ್ತು ಹದಿನೆಂಟು ಕಿಲೋಮೀಟರ್ ಓಡಿದೆ ಚಿಕ್ಕಮ್ಮ, ಗುಳ್ಳೆ ಬರಲೇ ಇಲ್ಲ. ಏನು ಮಾಡಿದೆ ಗೊತ್ತಾ? ಸಾಕ್ಸ್ ಉಲ್ಟಾ ಹಾಕ್ಕೊಂಡೆ. ಹೊಲಿಗೆ ಹೊರಗಡೆ ಬಂತು.'